10ಕೆ (10 ಕಿ.ಮೀ. ಓಟ) 58 ನಿಮಿಷಕ್ಕೇ ನಿಂತೋಗಿದೆ, 55ರೊಳಗೆ ಬರೋದು ಹೇಗೆ?

ಜಯನಗರ_ಜಾಗರ್
ನಮಸ್ಕಾರ ಎಲ್ರಿಗೂ. ವಯಸ್ಸು 41, ಲಾಲ್‌ಬಾಗ್‌ನಲ್ಲಿ ಒಂದು ಕ್ಲಬ್ ಜೊತೆ ಓಡ್ತೀನಿ. ವಾರಕ್ಕೆ ಐದು ದಿನ, ಪ್ರತಿ ಸಲ 7-8 ಕಿ.ಮೀ., ಪೇಸ್ ಹೆಚ್ಚೂಕಮ್ಮಿ ಕಿಲೋಮೀಟರ್‌ಗೆ 6 ನಿಮಿಷ, ಭಾನುವಾರ ಮಾತ್ರ 12 ಆಗತ್ತೆ ಆಮೇಲೆ ಎಲ್ರೂ ಸೇರಿ ದೋಸೆ ತಿನ್ನೋಕೆ ಹೋಗ್ತೀವಿ. ನಮ್ಮ ಬೆಂಗಳೂರಿನ ವರ್ಲ್ಡ್ 10ಕೆ ರೇಸ್ ಓಡಿದಾಗ್ಲೆಲ್ಲ 58ರ ಆಸುಪಾಸೇ ಬರ್ತಿದೆ. 7ನೇ ಕಿಲೋಮೀಟರ್ ತನಕ ಆರಾಮಾಗಿರ್ತೀನಿ, ಅಲ್ಲಿಂದ ಕಾಲು ಎತ್ತೋಕೇ ಆಗಲ್ಲ. ಇನ್ನೂ ಜಾಸ್ತಿ ಓಡ್ಬೇಕಾ? ಕ್ಲಬ್‌ನಲ್ಲಿ ಒಬ್ರು ಕಾರ್ಬನ್ ಪ್ಲೇಟ್ ಶೂ (ಅಡಿಯಲ್ಲಿ ಗಟ್ಟಿ ಕಾರ್ಬನ್ ಹಾಳೆ ಇರೋ ರೇಸ್ ಶೂ) ತಗೊಳ್ಳಿ ಅಂತಿದಾರೆ, ರೇಟ್ ನೋಡಿ ತಲೆ ತಿರುಗ್ತು.

ಟ್ರ್ಯಾಕ್_ಅಕ್ಕ
ಶೂ ವಿಷ್ಯ ಬಿಡಿ ಸರ್. ನಿಮ್ ರೇಸ್ ಪೇಸ್ 5:48, ದಿನಾ ಓಡೋದು 6:00. ಅಂದ್ರೆ ದಿನಬೆಳಗಾದ್ರೆ ರೇಸೇ ಓಡ್ತಿದೀರ, ಕಾಲಿಗೆ ರೆಸ್ಟೂ ಇಲ್ಲ ನಿಜವಾದ ಸ್ಪೀಡೂ ಇಲ್ಲ. ಮೂರು ದಿನ 6:45ರಿಂದ 7:15ರ ಪೇಸ್‌ನಲ್ಲಿ ಓಡಿ, ಪಕ್ಕದೋರ ಹತ್ರ ಮನೆ ಕಥೆ ಎಲ್ಲಾ ಹೇಳ್ಕೊಂಡು ಓಡೋಕಾಗ್ಬೇಕು, ಬರೀ ಹೂಂ ಹಾಂ ಅಂತಿದ್ರೆ ಅದು ಈಸಿ ಅಲ್ಲ. ಭಾನುವಾರದ್ದನ್ನೂ ಇದೇ ಪೇಸ್‌ನಲ್ಲಿ ಮೆಲ್ಲಗೆ 15-16ಕ್ಕೆ ಏರಿಸಿ. ವಾರದ ಮಧ್ಯ ಒಂದು ದಿನ ಟ್ರ್ಯಾಕ್‌ಗೆ ಹೋಗಿ 800 ಮೀಟರ್ ಆರು ಸಲ, ಒಂದೊಂದೂ 4:15ರ ಹತ್ರ, ನಡುವೆ ಎರಡು ಮೂರು ನಿಮಿಷ ಜಾಗ್. 55ಕ್ಕೆ ಬೇಕಿರೋದು 5:30, ಅದಕ್ಕಿಂತ ಜೋರಾಗಿ ಓಡಿ ಅಭ್ಯಾಸ ಇಲ್ದಿದ್ರೆ ರೇಸ್ ದಿನ ಎಲ್ಲಿಂದ ಬರತ್ತೆ ಹೇಳಿ.

ಚಾಮುಂಡಿ_ಮೆಟ್ಲು
ಅಕ್ಕ ಹೇಳಿದ್ದು ಸರಿ ಆದ್ರೆ 41ಕ್ಕೆ ಸೀದಾ ಟ್ರ್ಯಾಕ್‌ಗೆ ಇಳಿದ್ರೆ ಮೀನಖಂಡ ಹಿಡ್ಕೊಳ್ಳತ್ತೆ. ಮೊದ್ಲು ಒಂದ್ ತಿಂಗ್ಳು ಏರು ಹತ್ತಿ ಗುರು. ನಾವು ಮೈಸೂರೋರು ಚಾಮುಂಡಿ ಬೆಟ್ಟದ ರೋಡಲ್ಲಿ ಒಂದ್ ನಿಮಿಷ ಜೋರಾಗಿ ಹತ್ತಿ ನಡ್ಕೊಂಡು ಇಳೀತೀವಿ, ಏರಲ್ಲಿ ಕಾಲು ನೆಲಕ್ಕೆ ಅಷ್ಟು ಬಡಿಯಲ್ಲ, ಎದೆಗೆ ಮಾತ್ರ ಭರ್ತಿ ಕೆಲ್ಸ. ಲಾಲ್‌ಬಾಗ್ ಬಂಡೆ ಕಡೆ ಏರು ಇದ್ಯಲ್ಲ, ಅದೇ ಸಾಕು.

ಜಯನಗರ_ಜಾಗರ್
7 ನಿಮಿಷದ ಪೇಸ್‌ನಲ್ಲಿ ಓಡಿದ್ರೆ ಕ್ಲಬ್ಬೋರು ವಾಕಿಂಗ್ ಬಂದ್ರಾ ಅಂತ ಕಾಲೆಳೀತಾರೆ 😅

ಟ್ರ್ಯಾಕ್_ಅಕ್ಕ
ಎಳೀಲಿ ಬಿಡಿ. ಆ ಬ್ಯಾಚ್‌ನಲ್ಲಿ ಎಷ್ಟು ಜನಕ್ಕೆ ಮಂಡಿ ನೋವಿದೆ ಕೇಳಿ ನೋಡಿ.

ಮುಂಬೈ_ಕನ್ನಡಿಗ
ರೇಸ್ ದಿನದ ಬಗ್ಗೆ ಯಾರೂ ಹೇಳಿಲ್ಲ. ವರ್ಲ್ಡ್ 10ಕೆ ಈಗ ಏಪ್ರಿಲ್ ಕೊನೇಲಿ, ನಿಮ್ಮೂರಿನ ಕೆಟ್ಟ ಬಿಸಿಲ ತಿಂಗ್ಳು. ಸ್ಟಾರ್ಟ್‌ನಲ್ಲಿ ಜನ ನುಗ್ತಾರೆ ಅಂತ ಅಂಕುಡೊಂಕಾಗಿ ಸಂದಿ ಹುಡುಕ್ಕೊಂಡು ಓಡಿದ್ರೆ ಎರಡೇ ಕಿಲೋಮೀಟರ್‌ಗೆ ಸ್ಟಾಕ್ ಖಾಲಿ, 7ರಲ್ಲಿ ಕಾಲು ಭಾರ ಆಗೋದು ಅದಕ್ಕೂ ಇರ್ಬೋದು. ಮೊದಲ 2 ಕಿ.ಮೀ. 5:35-5:40ರಲ್ಲೇ ಬಿಡಿ. ನಿಮ್ಮ ಟೈಮ್ ನಿಮಗೆ ಕೊಡೋ ಟೈಮಿಂಗ್ ಚಿಪ್‌ನಿಂದ ಲೆಕ್ಕ, ಗೆರೆ ದಾಟಿದ್ಮೇಲೇ ಶುರು ಆಗೋದು, ಗಾಬರಿ ಬೇಡ. ಇಲ್ಲಿ ಮುಂಬೈಲಿ ಜನವರಿ ಹಾಫ್ ಮ್ಯಾರಥಾನ್‌ಗೆ (21 ಕಿ.ಮೀ.) ಬೆಂಗಳೂರಿಂದ ಬರೋರು ನಮ್ದು 900 ಮೀಟರ್ ಎತ್ತರದ ಊರು, ಸಮುದ್ರ ಮಟ್ಟದಲ್ಲಿ ಹಾರ್ತೀವಿ ಅಂತ ಸೀ ಲಿಂಕ್ ಸೇತುವೆ ಮೇಲೆ ಹಾರೋದೇನೋ ನಿಜ, ಆಮೇಲೆ ಸೆಕೆಗೆ ಬೆವರು ಆರಲ್ಲ, ಪೆಡ್ಡರ್ ರೋಡ್ ಏರಲ್ಲಿ ಎಲ್ರೂ ನಡೀತಾ ಸಿಗ್ತಾರೆ.

ಜಯನಗರ_ಜಾಗರ್
ಸರಿ, ಮೊದ್ಲು ಏರು ಆಮೇಲೆ ಟ್ರ್ಯಾಕ್. ಬೆಳಿಗ್ಗೆ ರೇಸ್‌ಗೆ ಮುಂಚೆ ಏನ್ ತಿಂತೀರ ಎಲ್ರೂ? ನಾನು ಖಾಲಿ ಹೊಟ್ಟೇಲೇ ಓಡ್ತೀನಿ.

ಚಾಮುಂಡಿ_ಮೆಟ್ಲು
ಒಂದೂವರೆ ಗಂಟೆ ಮುಂಚೆ ಎರಡು ಇಡ್ಲಿ, ಚಟ್ನಿ ಬೇಡ. ಇಲ್ಲಾಂದ್ರೆ ಏಲಕ್ಕಿ ಬಾಳೆ. ಹೊಸದೇನನ್ನೂ ಅವತ್ತೇ ಟ್ರೈ ಮಾಡ್ಬೇಡಿ, ಭಾನುವಾರದ ಲಾಂಗ್ ರನ್‌ಗೆ ಮುಂಚೆ ತಿಂದು ನೋಡ್ಕೊಳ್ಳಿ.