ಅಪ್‌ಡೇಟ್: ಗರಿ ಕೀಳುತ್ತಿದ್ದ ನಮ್ಮ ಗಾಲಾ ಈಗ ಹೇಗಿದೆ

ಮೂರು ತಿಂಗಳ ಹಿಂದೆ ಕೇಳಿದ್ದೆ, ಮೆಲ್ಬರ್ನ್‌ನ ನಮ್ಮ ಮನೆಯ ಗಾಲಾ (ಗುಲಾಬಿ ಎದೆ, ಬೂದು ರೆಕ್ಕೆಯ ಕಾಕಟೂ) ಎದೆಯ ಗರಿಯನ್ನೆಲ್ಲ ಕೀಳುತ್ತಿದೆ, ಏನು ಮಾಡಲಿ ಅಂತ. ಸೂರ್ಯಕಾಂತಿ ಬೀಜ ನಿಲ್ಲಿಸಿ, ಮೊದಲು ಡಾಕ್ಟರ್‌ಗೆ ತೋರಿಸಿ ಅಂದವರಿಗೆಲ್ಲ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ.

ತೂಕ 430 ಗ್ರಾಂ ಇತ್ತು! ಇರಬೇಕಾದ್ದು 300ರಿಂದ 350. ಕಾಡಿನಲ್ಲಿ ದಿನವಿಡೀ ಹಾರಾಡಿ ಬೀಜ ಹೆಕ್ಕುವ ಹಕ್ಕಿಗೆ ನಾವು ಪಂಜರದಲ್ಲಿ ಕೂರಿಸಿ ಬಟ್ಟಲು ತುಂಬಾ ಬೀಜ ಕೊಟ್ಟರೆ ಇನ್ನೇನಾಗುತ್ತೆ, ಲಿವರ್‌ನಲ್ಲಿ ಕೊಬ್ಬು ಸೇರಿಕೊಳ್ಳುತ್ತೆ, ರಕ್ತ ಪರೀಕ್ಷೆಯಲ್ಲೂ ಅದರ ಲಕ್ಷಣವೇ ಕಂಡಿತು.

ಬೀಜದಿಂದ ಪೆಲೆಟ್‌ಗೆ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆಯಂಥ ಆಹಾರ) ಒಂದೇ ಸಲ ಬದಲಾಯಿಸಬೇಡಿ, ಹಟ ಹಿಡಿದು ಉಪವಾಸ ಬೀಳುತ್ತೆ. ನಮಗೆ ಏಳು ವಾರ ಬೇಕಾಯಿತು. ದಿನಾ ಬೆಳಗ್ಗೆ ಅಡುಗೆಮನೆಯ ತಕ್ಕಡಿ ಮೇಲೆ ನಿಲ್ಲಿಸಿ ತೂಕ ಬರೆದಿಟ್ಟುಕೊಳ್ಳುತ್ತಿದ್ದೆ. ಮೊದಲ ವಾರ ಪೆಲೆಟ್‌ಗಳನ್ನು ಒಂದೊಂದಾಗಿ ಎತ್ತಿ, ನನ್ನ ಮುಖ ನೋಡುತ್ತಲೇ ನೀರಿನ ಬಟ್ಟಲಿಗೆ ಹಾಕುತ್ತಿತ್ತು.

ಗರಿ ಕೀಳುವುದಕ್ಕೆ ಬೇಜಾರೂ ಕಾರಣವಂತೆ. ಈಗ ಔಷಧಿ ಹೊಡೆಯದ ನೀಲಗಿರಿ ಕೊಂಬೆ ತಂದು ಹಾಕುತ್ತೇನೆ, ಗಂಟೆಗಟ್ಟಲೆ ಸಿಗಿಯುತ್ತೆ, ನೆಲವೆಲ್ಲ ಸಿಪ್ಪೆ.

ಇವತ್ತು 368 ಗ್ರಾಂ. ಎದೆಯ ಮೇಲೆ ಮುಳ್ಳಿನ ಹಾಗೆ ಹೊಸ ಗರಿ ಮೂಡಿವೆ. ಒಂದು ಕಡೆ ಇನ್ನೂ ಕೀಳುತ್ತೆ, ಅದು ಅಭ್ಯಾಸವಾಗಿಬಿಟ್ಟಿರಬಹುದು ಅಂದರು ಡಾಕ್ಟರ್.

ಅಂದ ಹಾಗೆ, ಕಣ್ಣು ಕೆಂಪಾಗಿರುವುದರಿಂದ ಇದು ಹೆಣ್ಣಂತೆ. ಇಷ್ಟು ದಿನ ಸುಮ್ನೆ ಗುಂಡ ಅಂತ ಕರೆಯುತ್ತಿದ್ದೆವು.