ಹದಿನಾಲ್ಕರ ಮಗಳಿಗೆ ಟ್ರ್ಯಾಪ್ ಶೂಟಿಂಗಿನ ಹಟ: ಬಲ್ಲವರು ತಿಳಿಸಿ

ಪ್ರಶ್ನೆ: ಹೆಬ್ರಿಯ ತಾಯಿ
ಅಡಿಕೆ ತೋಟಕ್ಕೆ ಮಂಗ, ಹಂದಿಗಳ ಕಾಟವಿರುವುದರಿಂದ ಮಾವನವರ ಹೆಸರಿನಲ್ಲಿ ಬೆಳೆ ರಕ್ಷಣೆಯ ಪರವಾನಗಿ ಪಡೆದ ಜೋಡು ನಳಿಗೆಯ ಕೋವಿಯೊಂದು ನಮ್ಮ ಮನೆಯಲ್ಲಿದೆ. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಠೇವಣಿ ಇಟ್ಟು ಬರುವುದನ್ನು ನೋಡುತ್ತ ಬೆಳೆದ ಮಗಳು, ಈಗ ಒಲಿಂಪಿಕ್ಸಿನ ವಿಡಿಯೊಗಳನ್ನು ನೋಡಿ, ಗಾಳಿಯಲ್ಲಿ ಹಾರುವ ತಟ್ಟೆಗಳಿಗೆ ಕೋವಿಯಿಂದ ಗುಂಡು ಹೊಡೆದು ಒಡೆಯುವ ಟ್ರ್ಯಾಪ್ ಶೂಟಿಂಗನ್ನು ತಾನೂ ಕಲಿಯುವೆನೆಂದು ಹಟ ಹಿಡಿದಿದ್ದಾಳೆ. ಈ ವಯಸ್ಸಿನಲ್ಲಿ ಚಾಂಪಿಯನ್ ಆದವರ ಬದುಕು ಹೇಗಿರುತ್ತದೆ? ಮನೆಯ ಕೋವಿಯಲ್ಲೇ ಆರಂಭಿಸಬಹುದೇ?

ಉತ್ತರ: ನಿವೃತ್ತ ಎನ್‌ಸಿಸಿ ಅಧಿಕಾರಿ, ಮಂಗಳೂರು
ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ: ಖಂಡಿತ ಬೇಡ. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ ಆಟದ ಅಭ್ಯಾಸಕ್ಕೆ ಒದಗುವುದಿಲ್ಲ. 21 ತುಂಬದವರು ಸ್ವಂತ ಕೋವಿ ಹೊಂದುವಂತಿಲ್ಲ, ತರಬೇತಿಯೇನಿದ್ದರೂ ನಿಯಮಬದ್ಧವಾಗಿ ಹಿರಿಯರ ಮೇಲ್ವಿಚಾರಣೆಯಲ್ಲೇ ನಡೆಯಬೇಕು. ಅಲ್ಲದೆ ಟ್ರ್ಯಾಪಿನಲ್ಲಿ ಬಳಸುವುದು ನಳಿಗೆಗಳು ಒಂದರ ಮೇಲೊಂದಿರುವ 12 ಬೋರಿನ ಕೋವಿಯನ್ನು. ಅದರಲ್ಲಿ ಗುರಿ ಹಿಡಿಯಲು ನೆರವಾಗುವ ಹಿಂದಿನ ಗುರಿಕಟ್ಟು ಇರುವುದಿಲ್ಲವಾದ್ದರಿಂದ ಆ ಕೆಲಸವನ್ನು ಕಣ್ಣೇ ಮಾಡಬೇಕಾಗುತ್ತದೆ. ಹಾಗಾಗಿ ಕೋವಿಯ ಹಿಂಭಾಗದ ಮರ ಆ ಹುಡುಗಿಯ ಕೆನ್ನೆಗೂ ಭುಜಕ್ಕೂ ಅಳತೆಯಿಟ್ಟಂತೆ ಕೂರಬೇಕು. ಶೂಟರ್ ಕೂಗಿದ ಕೂಡಲೇ ಸುಮಾರು 15 ಮೀಟರ್ ಮುಂದಿರುವ ಕಂದಕದಿಂದ 11 ಸೆಂಟಿಮೀಟರ್ ಅಗಲದ ತಟ್ಟೆಯೊಂದು, ಎಡಕ್ಕೋ ಬಲಕ್ಕೋ ಎಂಬ ಸುಳಿವನ್ನೂ ಕೊಡದೆ, ಗಂಟೆಗೆ ನೂರು ಕಿಲೋಮೀಟರಿನಷ್ಟು ವೇಗದಲ್ಲಿ ಹಾರುತ್ತದೆ.

ಉತ್ತರ: ಉಡುಪಿಯ ಕ್ರೀಡಾಸಕ್ತ
ಹದಿಹರೆಯದ ಉದಾಹರಣೆ ಬೇಕಿದ್ದರೆ ಅಮೆರಿಕದ ಕಿಮ್ ರೋಡ್ ಅವರನ್ನು ನೋಡಬೇಕು. 1996ರ ಅಟ್ಲಾಂಟಾದಲ್ಲಿ, ಹದಿನೇಳು ತುಂಬಿ ವಾರವಷ್ಟೇ ಆಗಿದ್ದಾಗ, ಒಮ್ಮೆಗೆ ಎರಡು ತಟ್ಟೆಗಳು ಹಾರುವ, ಟ್ರ್ಯಾಪಿನ ಸೋದರ ಸ್ಪರ್ಧೆಯಾದ ಡಬಲ್ ಟ್ರ್ಯಾಪಿನಲ್ಲಿ ಚಿನ್ನ ಗೆದ್ದರು. ಆದರೆ ನನಗೆ ಆ ಚಿನ್ನಕ್ಕಿಂತ ಅನಂತರದ ಕಥೆಯೇ ದೊಡ್ಡದೆನಿಸುತ್ತದೆ: 2004ರ ಬಳಿಕ ಮಹಿಳೆಯರ ಡಬಲ್ ಟ್ರ್ಯಾಪನ್ನೇ ಒಲಿಂಪಿಕ್ಸಿನಿಂದ ಕೈಬಿಟ್ಟಾಗ ಅವರು ಸ್ಕೀಟ್ ಎಂಬ ಬೇರೆಯೇ ಸ್ಪರ್ಧೆಯತ್ತ ಹೊರಳಿ, 2012ರ ಲಂಡನ್ನಿನಲ್ಲಿ 100ಕ್ಕೆ 99 ತಟ್ಟೆಗಳನ್ನು ಒಡೆದು ಮತ್ತೆ ಚಿನ್ನ ಗೆದ್ದರು. ಆರು ಒಲಿಂಪಿಕ್ಸುಗಳಲ್ಲಿ ಸತತವಾಗಿ ಪದಕ ಪಡೆದ ಅವರು ಬೇಟೆಯ ಹವ್ಯಾಸವಿದ್ದ ಕುಟುಂಬದಿಂದ ಬಂದವರು. ನಿಮ್ಮ ಮಗಳಿಗೂ ಅವರಿಗೂ ಅಷ್ಟರಮಟ್ಟಿಗೆ ಹೋಲಿಕೆಯುಂಟು.

ಉತ್ತರ: ಕಾರ್ಕಳದ ಕೃಷಿಕ
ಖರ್ಚನ್ನು ಯಾರೂ ಹೇಳಲಿಲ್ಲ. ಅರ್ಹತಾ ಸುತ್ತಿನಲ್ಲಿ 125 ತಟ್ಟೆಗಳಿರುತ್ತವೆ, ಒಂದೊಂದಕ್ಕೆ ಎರಡು ಈಡಿನ ಅವಕಾಶವಿದೆ. ಅಂದರೆ ಒಂದೇ ಸ್ಪರ್ಧೆಗೆ 250 ತೋಟೆಗಳವರೆಗೆ ಬೇಕಾಗಬಹುದು, ಅಭ್ಯಾಸದ್ದು ಬೇರೆ. ಆದುದರಿಂದ ಮೊದಲು ಗಾಳಿಯ ಒತ್ತಡದಿಂದ ಪುಟ್ಟ ಗುಂಡು ಹಾರಿಸುವ, ಖರ್ಚು ಕಡಿಮೆಯಿರುವ ಏರ್ ರೈಫಲ್ ಕಲಿಸುವುದು ಲೇಸು.

ಉತ್ತರ: ನಿವೃತ್ತ ಎನ್‌ಸಿಸಿ ಅಧಿಕಾರಿ, ಮಂಗಳೂರು
ಸುರಕ್ಷತೆಯ ಶಿಸ್ತನ್ನು ಕಲಿಯಲು ಏರ್ ರೈಫಲ್ ಒಳ್ಳೆಯದೇ. ಆದರೆ ಅಲ್ಲಿ ಮೈ ಕಲ್ಲಿನಂತೆ ನಿಲ್ಲಬೇಕು, ಇಲ್ಲಿ ತಟ್ಟೆಯೊಂದಿಗೆ ಸೊಂಟವೂ ತಿರುಗಬೇಕು; ವರ್ಷಗಟ್ಟಲೆ ಅದರಲ್ಲೇ ಉಳಿದರೆ ಟ್ರ್ಯಾಪಿಗೆ ಬಂದಾಗ ಕಲಿತದ್ದನ್ನು ಮರೆಯಬೇಕಾದೀತು.

ಮರುಪ್ರತಿಕ್ರಿಯೆ: ಹೆಬ್ರಿಯ ತಾಯಿ
ಎಲ್ಲರಿಗೂ ವಂದನೆಗಳು. ವರ್ಷಕ್ಕೆ ಹತ್ತು ತೋಟೆ ಖರ್ಚಾದರೂ ಗೊಣಗುವ ಮಾವನವರಿಗೆ 250ರ ಲೆಕ್ಕವನ್ನು ಓದಿ ಹೇಳಿದೆ. ಅವರು ಮೊಮ್ಮಗಳ ಮುಖವನ್ನೊಮ್ಮೆ ನೋಡಿ, "ಈ ಸಲದ ಅಡಿಕೆ ಮಾರಿದ ಮೇಲೆ ಮಾತಾಡುವ" ಎಂದಿದ್ದಾರೆ.