ಪುಡಿ ವೈದ್ಯರ 'ವಾಸಿಯಾದವರ ಪಟ್ಟಿ' ನಂಬಬಹುದಾ?

ಸಿಂಧನೂರು ಹುಡುಗ: ಅಪ್ಪನಿಗೆ ಬಾಯಿ ಕ್ಯಾನ್ಸರ್. ಇಪ್ಪತ್ತು ವರ್ಷ ಗುಟ್ಕಾ ತಿಂದಿದ್ದಾರೆ. ಇನ್ನೂ ಶುರುವಿನಲ್ಲಿದೆ, ಆಪರೇಷನ್ ಮಾಡಿಸಿ ಅಂತ ಡಾಕ್ಟರ್ ಹೇಳಿದ್ದಾರೆ. ಅಪ್ಪ ಕತ್ತರಿ ಅಂದ್ರೆ ಹೆದರುತ್ತಾರೆ. ಅಷ್ಟರಲ್ಲಿ ಕಾಕಾ ಒಬ್ಬ ನಾಟಿ ವೈದ್ಯರಿಂದ ಪೇಪರಿನಲ್ಲಿ ಸುತ್ತಿದ ಪುಡಿ ತಂದಿದ್ದಾರೆ, ಜೊತೆಗೆ ವಾಸಿಯಾದ ನಲವತ್ತು ಜನರ ಫೋನ್ ನಂಬರ್. ಮೂರು ತಿಂಗಳು ನೋಡೋಣ ಅಂತಾರೆ. ಇಷ್ಟು ಜನ ಸುಳ್ಳು ಹೇಳ್ತಾರಾ?

ಲ್ಯಾಬ್ ಅಣ್ಣ, ಬಳ್ಳಾರಿ: ಸುಳ್ಳು ಹೇಳಬೇಕಿಲ್ಲ ತಮ್ಮಾ. ಸಿರುಗುಪ್ಪದ ನಮ್ಮ ದೊಡ್ಡಪ್ಪನ ನಂಬರೂ ಇಂಥದ್ದೇ ಒಂದು ಪಟ್ಟಿಯಲ್ಲಿತ್ತು. ಅವರು ಬೆಂಗಳೂರಲ್ಲಿ ರೇಡಿಯೇಷನ್ ಮುಗಿಸಿ ಬಂದು, ಆಮೇಲೆ ಪುಡಿ ಕುಡಿದವರು. ಹೆಸರು ಮಾತ್ರ ಪುಡಿಗೆ ಬಂತು. ದೊಡ್ಡಪ್ಪ ತೀರಿಕೊಂಡು ಎರಡು ವರ್ಷ ಆಯ್ತು, ಈಗಲೂ ಜನ ಫೋನ್ ಮಾಡ್ತಾರೆ, ಅವರ ಮಗ ಎತ್ತಿ ಪ್ರತಿ ಸಲ ಅದನ್ನೇ ಹೇಳಬೇಕು. ನಲವತ್ತು ಜನ ಸರಿ, ಒಟ್ಟು ಪುಡಿ ತಗೊಂಡವರು ಎಷ್ಟು? ಐವತ್ತಾ, ಐದು ಸಾವಿರಾನಾ? ತೀರಿಕೊಂಡವರು ವೈದ್ಯರ ಮನೆಗೆ ವಾಪಸ್ ಬಂದು ಹೇಳಲ್ಲ ಅಲ್ವಾ? ಫೋನ್ ಮಾಡಿದ್ರೆ ಬಯಾಪ್ಸಿ (ಗಂಟಿನ ಚೂರು ತೆಗೆದು ಲ್ಯಾಬಲ್ಲಿ ಕ್ಯಾನ್ಸರ್ ಹೌದಾ ಅಂತ ನೋಡೋದು) ಆಗಿತ್ತಾ, ಬೇರೆ ಏನು ಚಿಕಿತ್ಸೆ ಆಗಿತ್ತು ಅಂತ ಕೇಳು.

ಕೊಪ್ಪಳದ ಮೇಷ್ಟ್ರು: ಗಿಡಮೂಲಿಕೆ ಅಂದ ಕೂಡಲೇ ನಗಬೇಡಿ. ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಅನ್ನೋ ಔಷಧಿ ಬಂತು, ಮಕ್ಕಳ ರಕ್ತ ಕ್ಯಾನ್ಸರಿಗೆ ಇವತ್ತಿಗೂ ಕೊಡ್ತಾರೆ. ಹಾಗಂತ ಹೂವು ಅರೆದು ಕುಡಿಯಬೇಡಿ, ಅದು ವಿಷ. ಅಮೆರಿಕದಲ್ಲಿ ಲೇಟ್ರಿಲ್ ಅಂತ ಒಂದಕ್ಕೆ ಕ್ಯಾನ್ಸರ್ ಔಷಧಿ ಅಂತ ಭಾರಿ ಪ್ರಚಾರ ಇತ್ತು, ಏಪ್ರಿಕಾಟ್ ಬೀಜದ್ದು. ಕೊನೆಗೆ 178 ರೋಗಿಗಳ ಮೇಲೆ ಪರೀಕ್ಷೆ ಮಾಡಿ 1982ರಲ್ಲಿ ಫಲಿತಾಂಶ ಬಂತು. ಉಪಯೋಗ ಇಲ್ಲ, ಕೆಲವರ ರಕ್ತದಲ್ಲಿ ಸಯನೈಡ್ ಅಪಾಯದ ಮಟ್ಟಕ್ಕೆ ಏರಿತ್ತು.

ವೈದ್ಯರಿಗೆ ನಂಬಿಕೆ ಇದ್ದರೆ ಪರೀಕ್ಷೆಗೆ ಕೊಡಲಿ. ಆದರೆ ಅದಕ್ಕೆ ಎಥಿಕ್ಸ್ ಕಮಿಟಿ (ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಸಮಿತಿ) ಒಪ್ಪಬೇಕು, ಮೊದಲೇ ಸಿಟಿಆರ್‌ಐನಲ್ಲಿ, ಅಂದರೆ ದೇಶದ ಔಷಧ ಪರೀಕ್ಷೆಗಳ ನೋಂದಣಿ ಪಟ್ಟಿಯಲ್ಲಿ, ನೋಂದಾಯಿಸಬೇಕು, ರೋಗಿಗೆ ತಿಳಿಸಿ ಸಹಿ ಪಡೀಬೇಕು. ಗುಣವಾಗುವ ಚಿಕಿತ್ಸೆ ಕೈಯಲ್ಲಿರುವಾಗ ಅದನ್ನು ನಿಲ್ಲಿಸಿ 'ನೋಡೋಣ' ಅನ್ನುವ ಹಾಗಿಲ್ಲ. ನಿಮ್ಮ ಕಾಕಾ ಹೇಳ್ತಿರೋದು ಅದನ್ನೇ. ಅಂದಹಾಗೆ, ಕ್ಯಾನ್ಸರ್ ವಾಸಿ ಮಾಡ್ತೀವಿ ಅಂತ ಜಾಹೀರಾತು ಹಾಕೋದು 1954ರ ಕಾನೂನಿನಲ್ಲೇ ಅಪರಾಧ, ಬಸ್ ಸ್ಟ್ಯಾಂಡ್ ಗೋಡೆ ನೋಡಿದ್ರೆ ಯಾರಿಗೂ ನೆನಪಿದ್ದಂತಿಲ್ಲ.

ಸಿಂಧನೂರು ಹುಡುಗ: ಆರು ನಂಬರಿಗೆ ಫೋನ್ ಮಾಡಿದೆ. ಎರಡು ಸ್ವಿಚ್ ಆಫ್. ಇಬ್ಬರಿಗೆ ಮೊದಲೇ ಆಪರೇಷನ್ ಆಗಿತ್ತು. ಒಬ್ಬರಿಗೆ ಬಯಾಪ್ಸಿನೇ ಆಗಿಲ್ಲ, 'ಗಂಟು ಇತ್ತು, ಹೋಯ್ತು' ಅಂದರು. ಇನ್ನೊಬ್ಬರ ಹೆಂಡತಿ ಫೋನ್ ಎತ್ತಿ ಅಳೋಕೆ ಶುರು ಮಾಡಿದರು. ಸ್ಪೀಕರ್‌ನಲ್ಲಿ ಇಟ್ಟಿದ್ದೆ, ಅಪ್ಪನೂ ಕೇಳಿಸಿಕೊಂಡರು. ಸೋಮವಾರ ಆಸ್ಪತ್ರೆಗೆ ಹೋಗ್ತಿದ್ದೀವಿ.

ಲ್ಯಾಬ್ ಅಣ್ಣ, ಬಳ್ಳಾರಿ: ಪುಡಿ ಒಂದು ಚಮಚ ತಗೊಂಡಿದ್ರೂ ಡಾಕ್ಟರಿಗೆ ಮುಚ್ಚಿಡಬೇಡ. ಪೊಟ್ಟಣ ಜೊತೆಗೇ ಒಯ್ಯಿ.